ನಡುಗುವ ನಾಲಗೆ ನುಡಿ ಕಲಿತ ಬಗೆ

ಕನ್ನಡದಲ್ಲಿ ‘ಸಭಾಕಂಪ’ ಎಂಬುದೊಂದು ಶಬ್ದವಿದೆ. ನಾಲ್ಕು ಜನರ ಮುಂದೆ ಎದ್ದು ನಿಂತೊಡನೆ ಕಾಲು ನಡುಗಿ, ಗಂಟಲೊಣಗಿ, ಮನೆಯಲ್ಲಿ ಬಾಯಿಪಾಠ ಮಾಡಿದ್ದ ಮಾತೆಲ್ಲ ಮರೆತುಹೋಗುವ ಅವಸ್ಥೆಗೆ ಇಷ್ಟು ಅಡಕವಾದ ಹೆಸರನ್ನು ನಮ್ಮ ಹಿರಿಯರು ಕೊಟ್ಟಿದ್ದಾರೆಂದರೆ, ಆ ಅವಸ್ಥೆ ಅವರಿಗೂ ಚೆನ್ನಾಗಿ ಪರಿಚಿತವಾಗಿತ್ತೆಂದೇ ಅರ್ಥ. ಮಾತನ್ನು ನಾವೆಲ್ಲರೂ ತೊಟ್ಟಿಲಲ್ಲಿ ಕಲಿಯಲಾರಂಭಿಸುತ್ತೇವೆ. ಸಭೆಯ ಮಾತನ್ನಾದರೋ ಬೇರೆಯಾಗಿಯೇ ಕಲಿಯಬೇಕಾಗುತ್ತದೆ. ಮನೆಯ ಜಗಲಿಯ ಮೇಲೆ ಗಂಟೆಗಟ್ಟಲೆ ಸರಸವಾಗಿ ಹರಟಬಲ್ಲ ಗೃಹಸ್ಥರು ಸಹಕಾರ ಸಂಘದ ವಾರ್ಷಿಕ ಸಭೆಯಲ್ಲಿ ಎರಡು ವಾಕ್ಯ ಆಡಲಾರದೆ ಕುಳಿತುಬಿಡುವುದನ್ನು ನಾವು ನಿತ್ಯವೂ ಕಾಣುತ್ತೇವೆ. ಅವರಿಗೆ ವಿಷಯ ತಿಳಿದಿರುತ್ತದೆ, ಅಭಿಪ್ರಾಯವೂ ಖಚಿತವಾಗಿರುತ್ತದೆ. ಆದರೂ ‘ವಾಗ್ಮಿತೆ ಹುಟ್ಟಿನಿಂದ ಬರುವ ವರ, ಅದು ನಮಗೆ ದಕ್ಕಿಲ್ಲ, ಈ ವಯಸ್ಸಿನಲ್ಲಿ ಇನ್ನೇನು ಕಲಿಯುವುದು’ ಎಂದು ಸಮಾಧಾನ ತಂದುಕೊಳ್ಳುತ್ತಾರೆ. ಈ ಸಮಾಧಾನ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಇತಿಹಾಸದ ಸಾಕ್ಷ್ಯದಿಂದ ಪರಿಶೀಲಿಸುವುದು ಈ ಭಾಷಣದ ಉದ್ದೇಶ.

ಈ ಮಾತು ಬಂದಾಗಲೆಲ್ಲ ಮೊದಲು ನೆನಪಾಗುವ ಹೆಸರು ಗ್ರೀಸಿನ ಡೆಮಾಸ್ತನೀಸನದು. ಕ್ರಿಸ್ತಪೂರ್ವ 384ರಲ್ಲಿ ಹುಟ್ಟಿ 322ರಲ್ಲಿ ತೀರಿಕೊಂಡ ಈ ಅಥೆನ್ಸಿನ ವಾಗ್ಮಿ ಆರಂಭದಲ್ಲಿ ಕ್ಷೀಣಸ್ವರದವನಾಗಿದ್ದ, ಉಚ್ಚಾರ ಅಸ್ಪಷ್ಟವಾಗಿತ್ತು, ಜನಸಭೆಯಲ್ಲಿ ಮೊದಲು ಮಾತಾಡಿದಾಗ ನಗೆಗೀಡಾದ ಎಂದು ಪ್ಲೂಟಾರ್ಕ್ ಬರೆದಿದ್ದಾನೆ. ಮನನೊಂದು ಹಿಂದಿರುಗುತ್ತಿದ್ದ ಅವನನ್ನು ಸ್ಯಾಟಿರಸ್ ಎಂಬ ನಟನೊಬ್ಬ ಸಂತೈಸಿ, ನಾಟಕದ ಪದ್ಯವೊಂದನ್ನು ಅವನಿಂದ ಹೇಳಿಸಿ, ಬಳಿಕ ಅದನ್ನೇ ತಾನು ಹೇಳಿ ತೋರಿಸಿದನಂತೆ. ಪದ್ಯ ಅದೇ, ಆದರೆ ಸ್ವರವೂ ಭಾವವೂ ಕೂಡಿಬಂದಾಗ ಅದು ಬೇರೆಯೇ ಪದ್ಯವೆನಿಸಿತು. ಅಂದಿನಿಂದ ಡೆಮಾಸ್ತನೀಸ್ ನೆಲಮನೆಯೊಂದನ್ನು ಕಟ್ಟಿಸಿ ಅಲ್ಲಿ ಅಭ್ಯಾಸ ಮಾಡಿದ, ಹೊರಗೆ ಹೋಗುವ ಆಸೆಯಾಗದಿರಲೆಂದು ತಲೆಯನ್ನು ಅರ್ಧ ಬೋಳಿಸಿಕೊಂಡ, ಬಾಯಲ್ಲಿ ಬೆಣಚುಕಲ್ಲುಗಳನ್ನಿಟ್ಟುಕೊಂಡು ಮಾತಾಡಿದ, ಏರುದಾರಿಯಲ್ಲಿ ಓಡುತ್ತ ಪದ್ಯ ಹೇಳಿದ ಎಂಬ ಕಥೆಗಳು ಲೋಕಪ್ರಸಿದ್ಧವಾಗಿವೆ. ಡೆಮಾಸ್ತನೀಸ್ ತೀರಿಕೊಂಡ ನಾಲ್ಕು ಶತಮಾನಗಳ ಬಳಿಕ ಬರೆದ ಪ್ಲೂಟಾರ್ಕನ ಮಾತಿನಲ್ಲಿ ದಂತಕಥೆಯ ಬಣ್ಣ ಬೆರೆತಿರಬಹುದು. ಆದರೂ ಪ್ರಾಚೀನ ಗ್ರೀಕರು ತಮ್ಮ ಶ್ರೇಷ್ಠ ವಾಗ್ಮಿಯನ್ನು ಹುಟ್ಟು ಪ್ರತಿಭೆಯವನೆಂದು ಹೊಗಳದೆ, ದುಡಿದು ಕಲಿತವನೆಂದು ಚಿತ್ರಿಸಿದರೆಂಬುದೇ ಗಮನಾರ್ಹವಾದ ಸಂಗತಿ.

ಇಲ್ಲಿ ಇನ್ನೊಂದು ಅಂಶವೂ ಇದೆ. ನಾವು ಬೆಣಚುಕಲ್ಲನ್ನು ನೆನಪಿಟ್ಟುಕೊಂಡೆವು; ಆ ತರುಣ ಬಾಯಿ ತೆರೆದದ್ದು ಏತಕ್ಕೆಂಬುದನ್ನು ಮರೆತೆವು. ಏಳನೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡ ಅವನ ಆಸ್ತಿಯನ್ನು ಪಾಲಕರು ನುಂಗಿಹಾಕಿದ್ದರು. ಸುಮಾರು ಇಪ್ಪತ್ತರ ಹರೆಯದಲ್ಲಿ ಅವರ ಮೇಲೆ ದಾವೆ ಹೂಡಿ ನ್ಯಾಯಸಭೆಯಲ್ಲಿ ತಾನೇ ವಾದಿಸಬೇಕಾಗಿ ಬಂದದ್ದು ಅವನ ವಾಕ್‌ಸಾಧನೆಯ ಮೊದಲ ಮೆಟ್ಟಿಲು. ಮುಂದೆ ಮ್ಯಾಸಿಡೋನಿಯದ ಫಿಲಿಪ್ ದೊರೆಯಿಂದ ಅಥೆನ್ಸಿನ ಸ್ವಾತಂತ್ರ್ಯಕ್ಕೆ ಒದಗಿದ ಗಂಡಾಂತರ ಅವನ ಬಾಳಿನ ಮುಖ್ಯ ವಿಷಯವಾಯಿತು. ಬೆಣಚುಕಲ್ಲು ನಾಲಗೆಯನ್ನು ಹದಗೊಳಿಸಿರಬಹುದು. ಆ ನಾಲಗೆಗೆ ಕೆಲಸ ಕೊಟ್ಟದ್ದು ಮಾತ್ರ ಮೊದಲು ತನಗಾದ ಅನ್ಯಾಯ, ಆಮೇಲೆ ನಾಡಿನ ಆತಂಕ.

ಅಥೆನ್ಸಿನ ಕಥೆ ಬಹು ದೂರದ್ದು. ನಮ್ಮ ಕಾಲಕ್ಕೆ ಸಮೀಪದ, ದಾಖಲೆಗಳ ಆಧಾರವುಳ್ಳ ನಿದರ್ಶನವೊಂದು ಬೇಕಾದರೆ ಗಾಂಧೀಜಿಯವರ ಜೀವನವನ್ನೇ ನೋಡಬಹುದು. ಕೋಟ್ಯಂತರ ಜನರನ್ನು ಮಾತಿನಿಂದ ಎಬ್ಬಿಸಿದ ಆ ಮಹಾಪುರುಷರಷ್ಟು ಸಭಾಕಂಪವನ್ನು ಅನುಭವಿಸಿದವರು ವಿರಳ. ಅದನ್ನು ಅವರಷ್ಟು ನಿಸ್ಸಂಕೋಚವಾಗಿ ಬರೆದಿಟ್ಟವರು ಇನ್ನೂ ವಿರಳ. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ಅನುವಾದದ ಮೂಲಕ ಕನ್ನಡಿಗರ ಮನೆಮನೆಗೆ ಬಂದ ಅವರ ಆತ್ಮಕಥೆಯಲ್ಲಿ ಈ ಲಜ್ಜೆಗೆಂದೇ ಒಂದು ಅಧ್ಯಾಯ ಮೀಸಲಾಗಿದೆ.

1888ರಲ್ಲಿ ಬ್ಯಾರಿಸ್ಟರ್ ಪದವಿಗಾಗಿ ಲಂಡನ್ನಿಗೆ ಹೋದ ತರುಣ ಗಾಂಧಿ ಕೆಲಕಾಲ ಇಂಗ್ಲಿಷ್ ಸಭ್ಯಗೃಹಸ್ಥನಾಗುವ ಹಂಬಲಕ್ಕೆ ಸಿಕ್ಕಿದ್ದರು. ನೃತ್ಯದ ತರಗತಿ, ಪಿಟೀಲಿನ ಪಾಠಗಳ ಜೊತೆಗೆ ಭಾಷಣಕಲೆಯ ಶಿಕ್ಷಕರೊಬ್ಬರಿಗೂ ಒಂದು ಗಿನಿ ಮುಂಗಡ ಕೊಟ್ಟರು. ಆ ಶಿಕ್ಷಕರು ಗೊತ್ತುಮಾಡಿದ ಪಠ್ಯ, ಆಗ ಬಹಳ ಪ್ರಚಾರದಲ್ಲಿದ್ದ ಬೆಲ್ ಸೋದರರ ವಾಚನ ಕೈಪಿಡಿ. ಅದರ ಕರ್ತೃಗಳಾದ ಡೇವಿಡ್ ಚಾರ್ಲ್ಸ್ ಬೆಲ್ ಮತ್ತು ಅಲೆಕ್ಸಾಂಡರ್ ಮೆಲ್ವಿಲ್ ಬೆಲ್ ಅವರು ದೂರವಾಣಿಯನ್ನು ಕಂಡುಹಿಡಿದ ಅಲೆಕ್ಸಾಂಡರ್ ಗ್ರಹಾಂ ಬೆಲ್ಲನ ದೊಡ್ಡಪ್ಪ ಮತ್ತು ತಂದೆ. ಪಿಟ್ ಮಹಾಶಯನ ಪಾರ್ಲಿಮೆಂಟಿನ ಭಾಷಣವೊಂದರಿಂದ ಪಾಠ ಆರಂಭವಾಯಿತು. ಇಂಗ್ಲೆಂಡಿನಲ್ಲೇ ಬಾಳು ಕಳೆಯಬೇಕಾಗಿಲ್ಲದ ತನಗೆ ಈ ವಾಕ್ಪಟುತ್ವದಿಂದ ಆಗಬೇಕಾದದ್ದೇನೆಂಬ ವಿವೇಕ ಬೇಗನೆ ಮೂಡಿತು. ಎರಡು ಮೂರು ಪಾಠಗಳಾಗುವಷ್ಟರಲ್ಲಿ ಶಿಕ್ಷಕರಿಗೆ ಕ್ಷಮೆಯಾಚಿಸಿ ಪತ್ರ ಬರೆದು ಗಾಂಧಿ ಆ ತರಗತಿಯನ್ನು ಬಿಟ್ಟರು. ಹೀಗೆ ಅವರ ಬದುಕಿನ ಮೊದಲ ಭಾಷಣಶಿಕ್ಷಣ ನಿಷ್ಫಲವಾಯಿತು. ಆ ಮಾತೂ ಪರರದು, ವಿಷಯವೂ ಪರರದು, ಕೇಳುವ ಸಭೆಯಾದರೋ ಇರಲೇ ಇಲ್ಲ.

ಸಭೆ ಒದಗಿದಾಗ ಏನಾಯಿತು? ಗಾಂಧಿ ಲಂಡನ್ನಿನ ಸಸ್ಯಾಹಾರಿ ಸಂಘದ ಕಾರ್ಯಕಾರಿ ಸಮಿತಿಗೆ ಆಯ್ಕೆಯಾದರು. ಪ್ರತಿ ಸಭೆಗೂ ತಪ್ಪದೆ ಹೋಗುತ್ತಿದ್ದರು. ಒಂದು ದಿನವೂ ಬಾಯಿ ಬಿಡುತ್ತಿರಲಿಲ್ಲ. ಅವರ ಮಿತ್ರರಾದ ಡಾಕ್ಟರ್ ಓಲ್ಡ್‌ಫೀಲ್ಡರು, ನನ್ನೊಡನೆ ಚೆನ್ನಾಗಿಯೇ ಮಾತಾಡುವ ನೀವು ಸಮಿತಿಯಲ್ಲಿ ಮಾತ್ರ ದುಡಿಯದ ಗಂಡುಜೇನಿನಂತೆ ಕುಳಿತಿರುವಿರಲ್ಲ ಎಂದು ಹಾಸ್ಯ ಮಾಡಿದ್ದುಂಟು. ಅಷ್ಟರಲ್ಲಿ ಗಂಭೀರವಾದ ಪ್ರಸಂಗವೊಂದು ಎದುರಾಯಿತು. ಸಮಿತಿಯ ಸದಸ್ಯರಾದ ಡಾಕ್ಟರ್ ಆಲಿನ್‌ಸನ್ ಸಂತಾನನಿಯಂತ್ರಣದ ಕೃತಕ ಉಪಾಯಗಳನ್ನು ಬೋಧಿಸುತ್ತಿದ್ದರು. ಸಂಘದ ಅಧ್ಯಕ್ಷರೂ ಅದರ ದೊಡ್ಡ ಪೋಷಕರೂ ಆಗಿದ್ದ ಹಿಲ್ಸ್ ಅವರಿಗೆ ಇದು ನೀತಿಬಾಹಿರವಾಗಿ ಕಂಡಿತು. ಆಲಿನ್‌ಸನ್ನರನ್ನು ತೆಗೆದುಹಾಕುವ ಸೂಚನೆ ಸಭೆಯ ಮುಂದೆ ಬಂತು. ಗಾಂಧಿಗೆ ಆಲಿನ್‌ಸನ್ನರ ಅಭಿಪ್ರಾಯ ಒಪ್ಪಿಗೆಯಾಗಿರಲಿಲ್ಲ. ಆದರೆ ಸಂಘದ ಉದ್ದೇಶ ಸಸ್ಯಾಹಾರದ ಪ್ರಚಾರ. ಬೇರೆ ವಿಷಯದಲ್ಲಿ ಭಿನ್ನಮತವಿದೆಯೆಂದು ಒಬ್ಬ ಸಸ್ಯಾಹಾರಿಯನ್ನು ಹೊರಹಾಕುವುದು ಅನ್ಯಾಯವೆಂಬುದು ಅವರ ದೃಢವಾದ ನಿಲುವಾಗಿತ್ತು. ಅದನ್ನು ಕಾಗದದ ಮೇಲೆ ಬರೆದು ತಂದರು. ಓದುವ ಧೈರ್ಯ ಬಾರದೆ ಹೋಯಿತು. ಅಧ್ಯಕ್ಷರು ಅದನ್ನು ಬೇರೊಬ್ಬರಿಂದ ಓದಿಸಿದರು. ಆಲಿನ್‌ಸನ್ನರಿಗೆ ಸೋಲಾಯಿತು.

ಸಭಾಕಂಪವೆಂಬುದು ಬರಿಯ ವೈಯಕ್ತಿಕ ಸಂಕೋಚವಲ್ಲ. ಅದಕ್ಕೆ ಸಾರ್ವಜನಿಕ ಪರಿಣಾಮವುಂಟು ಎಂಬುದು ಇಲ್ಲಿ ನಿಚ್ಚಳವಾಗಿ ಕಾಣುತ್ತದೆ. ಗಾಂಧಿ ತಾವೇ ಎದ್ದು ನುಡಿದಿದ್ದರೆ ಮತ ಬೇರೆಯಾಗುತ್ತಿತ್ತೆಂದು ಹೇಳುವಂತಿಲ್ಲ. ಆದರೆ ನ್ಯಾಯದ ಪರವಾದ ಒಂದು ದನಿ ತನ್ನ ಕಂಠದಲ್ಲಿ ಕೇಳಿಬರಲಿಲ್ಲವೆಂಬುದು ನಿಜ. ಪ್ರಜಾಸತ್ತೆಯ ಸಭೆಗಳಲ್ಲಿ ನಿರ್ಣಯಗಳಾಗುವುದು ಬಾಯಿಬಿಟ್ಟವರ ಮಾತಿನ ಮೇಲೆ. ತಿಳಿದವರು ಸುಮ್ಮನಿದ್ದರೆ ಆ ತೆರವನ್ನು ಯಾರಾದರೊಬ್ಬರು ತುಂಬಿಯೇ ತುಂಬುತ್ತಾರೆ.

ಲಂಡನ್ ವಾಸದ ಇನ್ನೆರಡು ಪ್ರಸಂಗಗಳನ್ನು ಗಾಂಧೀಜಿ ಹೇಳಿದ್ದಾರೆ. ವೆಂಟ್ನರ್ ಎಂಬ ಊರಿನಲ್ಲಿ ಸಸ್ಯಾಹಾರದ ಬಗ್ಗೆ ಮಾತಾಡಲು ಒಂದು ಹಾಳೆಯಷ್ಟು ಭಾಷಣ ಬರೆದುಕೊಂಡು ನಿಂತರು. ಕಣ್ಣು ಮಂಜಾಯಿತು, ಮೈ ನಡುಗಿತು; ಜೊತೆಗಿದ್ದ ಮಜಮುದಾರರು ಅದನ್ನು ಓದಬೇಕಾಯಿತು. 1891ರ ಜೂನ್ ತಿಂಗಳಲ್ಲಿ ಸ್ವದೇಶಕ್ಕೆ ಹೊರಡುವ ಮುನ್ನ ಸ್ನೇಹಿತರಿಗೆ ಔತಣವಿತ್ತಾಗ ಒಂದು ವಿನೋದದ ಮಾತಿನಿಂದ ಆರಂಭಿಸಬೇಕೆಂದು ಯೋಚಿಸಿದ್ದರು. ಅಡಿಸನ್ ಎಂಬ ಪ್ರಸಿದ್ಧ ಲೇಖಕ ಕಾಮನ್ಸ್ ಸಭೆಯಲ್ಲಿ ಎದ್ದು ‘ನಾನು ಭಾವಿಸುತ್ತೇನೆ’ ಎಂದು ಮೂರು ಸಲ ಹೇಳಿ ಮುಂದರಿಯದೆ ಕುಳಿತುಬಿಟ್ಟನಂತೆ. ಇಂಗ್ಲಿಷಿನಲ್ಲಿ ಆ ಕ್ರಿಯಾಪದಕ್ಕೆ ಗರ್ಭಧರಿಸುವುದು ಎಂಬ ಅರ್ಥವೂ ಇರುವುದರಿಂದ, ಮೂರು ಬಾರಿ ಬಸುರಾಗಿಯೂ ಮಹನೀಯರು ಏನನ್ನೂ ಹೆರಲಿಲ್ಲವೆಂದು ಕುಚೋದ್ಯಗಾರನೊಬ್ಬ ನಗೆಯಾಡಿದನಂತೆ. ಈ ಕಥೆಯನ್ನು ಹೇಳಹೊರಟ ಗಾಂಧಿಯವರ ಗತಿಯೂ ಅಡಿಸನ್ನನದೇ ಆಯಿತು: ನೆನಪು ಕೈಕೊಟ್ಟಿತು, ಬಂದವರಿಗೆ ವಂದನೆ ಹೇಳಿ ಕುಳಿತರು. ಆದರೆ ಆ ಸಂಜೆಯ ವರದಿಯನ್ನು ಪ್ರಕಟಿಸಿದ ಸಸ್ಯಾಹಾರಿಗಳ ಪತ್ರಿಕೆ, ತುಸು ಅಳುಕಿನಿಂದ ಕೂಡಿದ್ದರೂ ಸೊಗಸಾದ ಭಾಷಣವೆಂದೇ ಅದನ್ನು ಬಣ್ಣಿಸಿದೆ. ಆಡಿದವರಿಗೆ ಪೂರ್ಣ ಸೋಲಾಗಿ ಕಂಡದ್ದು ಕೇಳಿದವರಿಗೆ ಹಾಗೆ ಕಾಣಲಿಲ್ಲ. ಸಭಾಕಂಪದ ಒಂದು ಮುಖ್ಯ ಲಕ್ಷಣವೇ ಇದು. ನಮ್ಮ ನಡುಕ ನಮಗೆ ಭೂಕಂಪವಾಗಿ ತೋರುತ್ತದೆ, ಎದುರಿಗಿದ್ದವರಿಗೆ ಅದು ಅಷ್ಟಾಗಿ ಕಾಣುವುದೇ ಇಲ್ಲ.

ಮುಂಬಯಿಗೆ ಬಂದ ಮೇಲೆ ಲಘುವ್ಯಾಜ್ಯ ನ್ಯಾಯಾಲಯದಲ್ಲಿ ಮೊದಲ ಮೊಕದ್ದಮೆ ದೊರೆಯಿತು. ಮಮೀಬಾಯಿ ಎಂಬಾಕೆಯ ಪರವಾಗಿ ಪಾಟೀಸವಾಲು ಮಾಡಬೇಕಾಗಿತ್ತು. ಶುಲ್ಕ 30 ರೂಪಾಯಿ. ಎದ್ದು ನಿಂತಾಗ ತಲೆ ತಿರುಗಿತು, ಒಂದು ಪ್ರಶ್ನೆಯೂ ಹೊಳೆಯಲಿಲ್ಲ. ಕಕ್ಷಿದಾರರ ಕಡೆಯವನಿಗೆ ಹಣ ಹಿಂದಿರುಗಿಸಿ, ಬೇರೆ ವಕೀಲರನ್ನು ಗೊತ್ತುಮಾಡಿಕೊಳ್ಳುವಂತೆ ಹೇಳಿ ನ್ಯಾಯಾಲಯದಿಂದ ಹೊರಬಿದ್ದರು. ವಕೀಲಿ ವೃತ್ತಿಗೆ ಮಾತೇ ಬಂಡವಾಳ. ಆ ಬಂಡವಾಳವೇ ಇಲ್ಲದ ಬ್ಯಾರಿಸ್ಟರ್ ಅರ್ಜಿಗಳನ್ನು ಬರೆದುಕೊಡುತ್ತ ರಾಜಕೋಟೆಯಲ್ಲಿ ದಿನ ನೂಕಬೇಕಾಯಿತು.

ಅಂಥವರು 1893ರಲ್ಲಿ ದಾದಾ ಅಬ್ದುಲ್ಲಾ ಕಂಪನಿಯ ವ್ಯಾಜ್ಯದ ಕೆಲಸಕ್ಕಾಗಿ ದಕ್ಷಿಣ ಆಫ್ರಿಕೆಗೆ ಹೋದರು. ದರ್ಬಾನಿನಿಂದ ಪ್ರಿಟೋರಿಯಕ್ಕೆ ಹೋಗುವ ದಾರಿಯಲ್ಲಿ ಮೊದಲ ದರ್ಜೆಯ ಡಬ್ಬಿಯಿಂದ ಅವರನ್ನು ಹೊರದೂಡಿದ ಕಥೆ ಎಲ್ಲರಿಗೂ ಗೊತ್ತು. ಪ್ರಿಟೋರಿಯ ಸೇರಿದ ಬಳಿಕ ಅವರು ಮಾಡಿದ ಮೊದಲ ಕೆಲಸಗಳಲ್ಲೊಂದನ್ನು ಮಾತ್ರ ನಾವು ಅಷ್ಟಾಗಿ ನೆನೆಯುವುದಿಲ್ಲ. ಅಲ್ಲಿಯ ಭಾರತೀಯರನ್ನೆಲ್ಲ ಸೇಠ್ ಹಾಜಿ ಮುಹಮ್ಮದ್ ಹಾಜಿ ಜೂಸಬರ ಮನೆಯಲ್ಲಿ ಸೇರಿಸಿ ಅವರ ಮುಂದೆ ಮಾತಾಡಿದರು. ಬಂದವರಲ್ಲಿ ಮೇಮನ್ ವರ್ತಕರೇ ಹೆಚ್ಚು. ತಮ್ಮ ಬಾಳಿನ ಮೊದಲ ಸಾರ್ವಜನಿಕ ಭಾಷಣವೆಂದು ಗಾಂಧೀಜಿ ಇದನ್ನೇ ಗಣಿಸಿದ್ದಾರೆ. ಆಗ ಅವರ ವಯಸ್ಸು ಇಪ್ಪತ್ತಮೂರು.

ಆ ಭಾಷಣದ ವಿಷಯವೇನು? ತಮಗಾದ ಅವಮಾನದಿಂದ ಅವರು ಆರಂಭಿಸಲಿಲ್ಲ. ವ್ಯಾಪಾರದಲ್ಲಿ ಸತ್ಯ ನಡೆಯದೆಂಬ ವರ್ತಕರ ನಂಬಿಕೆಯನ್ನು ಆ ವರ್ತಕರ ಎದುರಿನಲ್ಲೇ ಅಲ್ಲಗಳೆದರು. ಪರದೇಶದಲ್ಲಿ ಒಬ್ಬ ಭಾರತೀಯನ ನಡತೆಯಿಂದ ಇಡೀ ನಾಡನ್ನು ಅಳೆಯುತ್ತಾರೆಂದು ಎಚ್ಚರಿಸಿದರು. ಶುಚಿತ್ವದ ಮಾತಾಡಿದರು, ಹಿಂದು ಮುಸ್ಲಿಂ ಪಾರಸಿ ಕ್ರೈಸ್ತರೆಂಬ ಭೇದ ಮರೆಯಬೇಕೆಂದರು, ಕಷ್ಟಗಳನ್ನು ಅಧಿಕಾರಿಗಳಿಗೆ ತಿಳಿಸಲು ಒಂದು ಸಂಘ ಬೇಕೆಂದು ಸೂಚಿಸಿದರು. ಇಂಗ್ಲಿಷ್ ಕಲಿಯಬಯಸುವವರಿಗೆ ತಾವೇ ಪಾಠ ಹೇಳುವುದಾಗಿಯೂ ಒಪ್ಪಿಕೊಂಡರು. ಮುಂದೆ ಬಂದವರು ಮೂವರು: ಒಬ್ಬ ಕ್ಷೌರಿಕ, ಒಬ್ಬ ಗುಮಾಸ್ತ, ಒಬ್ಬ ಸಣ್ಣ ಅಂಗಡಿಯವ. ಅವರಿದ್ದಲ್ಲಿಗೇ ಹೋಗಿ, ಅವರ ವ್ಯಾಪಾರಕ್ಕೆ ಬಿಡುವಾಗುವವರೆಗೂ ತಾಳ್ಮೆಯಿಂದ ಕಾದು, ಸುಮಾರು ಎಂಟು ತಿಂಗಳು ಪಾಠ ಹೇಳಿದರು. ಸಭೆಗಳೂ ಹೆಚ್ಚುಕಡಮೆ ಕ್ರಮವಾಗಿ ಮುಂದುವರಿದವು. ಕೊನೆಗೆ ಪ್ರಿಟೋರಿಯದಲ್ಲಿ ಅವರಿಗೆ ಪರಿಚಯವಿಲ್ಲದ ಭಾರತೀಯನೇ ಉಳಿಯಲಿಲ್ಲ.

ಎರಡು ವರ್ಷಗಳ ಅಂತರದಲ್ಲಿ ಗಂಟಲು ಬದಲಾಗಲಿಲ್ಲ, ಯಾವ ಗುರುವೂ ದೊರೆತಿರಲಿಲ್ಲ. ಆದರೆ ಮೂರು ಸಂಗತಿಗಳು ಹೊಸದಾಗಿದ್ದವು. ಒಂದು, ವಿಷಯ ಅವರದೇ ಆಗಿತ್ತು. ದಾದಾ ಅಬ್ದುಲ್ಲಾರ ವ್ಯಾಜ್ಯದ ಲೆಕ್ಕಪತ್ರಗಳಲ್ಲಿ ಮುಳುಗಿ, ಸಂಗತಿಗಳನ್ನು ಬಲ್ಲವನಿಗೆ ಕಾನೂನಿನ ಮುಕ್ಕಾಲು ಪಾಲು ಒಲಿದಂತೆಯೇ ಸರಿ ಎಂಬ ಪಾಠವನ್ನು ಅವರು ಆ ದಿನಗಳಲ್ಲೇ ಮನಗಂಡರು. ಎರಡು, ಎದುರಿಗಿದ್ದವರು ಪರೀಕ್ಷಕರಾಗಿರಲಿಲ್ಲ. ಸಹಾಯ ಬೇಕಾಗಿದ್ದ ದೇಶಬಾಂಧವರಾಗಿದ್ದರು. ಲಂಡನ್ನಿನ ಸಮಿತಿಯಲ್ಲಿ ‘ನನ್ನನ್ನು ಇವರು ಏನೆಂದುಕೊಂಡಾರು’ ಎಂಬ ಚಿಂತೆ ಬಾಯಿ ಕಟ್ಟಿತ್ತು. ಪ್ರಿಟೋರಿಯದಲ್ಲಿ ‘ಇವರಿಗೆ ಏನಾದೀತು’ ಎಂಬ ಚಿಂತೆ ಅದನ್ನು ಬಿಡಿಸಿತು. ಮೂರು, ಅದು ಒಂದೇ ದಿನದ ಭಾಷಣವಾಗಿ ನಿಲ್ಲಲಿಲ್ಲ. ಪರಿಚಿತರ ನಡುವೆ ಮತ್ತೆ ಮತ್ತೆ ನಡೆದ ಅಭ್ಯಾಸವಾಯಿತು.

ಇಷ್ಟರಿಂದ ಸಭಾಕಂಪ ಶಾಶ್ವತವಾಗಿ ತೊಲಗಿತೆಂದು ಭಾವಿಸಿದರೆ ಅದು ಇತಿಹಾಸವಾಗದೆ ಪವಾಡಕಥೆಯಾದೀತು. 1896ರಲ್ಲಿ ಭಾರತಕ್ಕೆ ಬಂದ ಗಾಂಧಿ ದಕ್ಷಿಣ ಆಫ್ರಿಕೆಯ ಭಾರತೀಯರ ಬವಣೆಯನ್ನು ಮುಂಬಯಿಯ ಸಭೆಯೊಂದರಲ್ಲಿ ನಿವೇದಿಸಬೇಕಾಗಿತ್ತು. ಬರೆಯದೆ ಮಾತಾಡಬೇಕೆಂದಿದ್ದ ಅವರಿಗೆ, ಭಾಷಣವನ್ನು ಮೊದಲೇ ಬರೆದು ಅಚ್ಚುಹಾಕಿಸಬೇಕೆಂದು ಸರ್ ಫಿರೋಜ್‌ಷಾ ಮೆಹತಾ ವಿಧಿಸಿದರು. ಕಾವಸ್‌ಜಿ ಜಹಾಂಗೀರ್ ಸಂಸ್ಥೆಯ ಸಭಾಂಗಣ ಕಿಕ್ಕಿರಿದಿತ್ತು. ಗಾಂಧಿ ಓದತೊಡಗಿದರು, ದನಿ ಏಳಲಿಲ್ಲ, ಮೈ ನಡುಗಿತು. ಗಟ್ಟಿಯಾಗಿ ಓದಿ ಎಂದು ಫಿರೋಜ್‌ಷಾ ಹುರಿದುಂಬಿಸಿದಷ್ಟೂ ದನಿ ಕೆಳಗಿಳಿಯಿತು. ಮಿತ್ರರಾದ ಕೇಶವರಾವ್ ದೇಶಪಾಂಡೆಯವರು ಹಾಳೆ ತೆಗೆದುಕೊಂಡರೂ ಸಭೆ ವಾಚ್ಛಾರವರೇ ಓದಲೆಂದು ಕೂಗಿತು. ದಿನಷಾ ವಾಚ್ಛಾ ಓದಿದಾಗ ಸಭೆ ನಿಶ್ಶಬ್ದವಾಗಿ ಆಲಿಸಿತು, ನಡುನಡುವೆ ಕರತಾಡನವಾಯಿತು. ತಮ್ಮ ಭಾಷಣವನ್ನು ಬೇರೊಬ್ಬರು ಓದಿದ್ದಕ್ಕೆ ಗಾಂಧಿ ಕೊರಗಲಿಲ್ಲ. ವಿಷಯ ಜನರನ್ನು ಮುಟ್ಟಿತೆಂದು ಸಂತೋಷಪಟ್ಟರು. ಕಾರ್ಯವೇ ಮುಖ್ಯವಾದಾಗ ಕೀರ್ತಿ ಯಾರ ಕಂಠಕ್ಕೆ ಸಂದರೇನು? ಈ ಮನೋಭಾವವೇ ಸಭಾಕಂಪದ ಬೇರನ್ನು ಕೊನೆಗೂ ಸಡಿಲಿಸಿತೆಂದು ತೋರುತ್ತದೆ.

ಹತ್ತು ವರ್ಷಗಳ ಬಳಿಕ, 1906ರ ಸೆಪ್ಟೆಂಬರ್ 11ರಂದು ಜೊಹಾನ್ಸ್‌ಬರ್ಗಿನ ಎಂಪೈರ್ ನಾಟಕಶಾಲೆಯಲ್ಲಿ ಭಾರತೀಯರ ಮಹಾಸಭೆ ಸೇರಿತು. ಟ್ರಾನ್ಸ್‌ವಾಲ್ ಸರ್ಕಾರ ಪ್ರತಿಯೊಬ್ಬ ಭಾರತೀಯನೂ ಬೆರಳಚ್ಚು ಕೊಟ್ಟು ನೋಂದಣಿ ಮಾಡಿಸಿಕೊಳ್ಳಬೇಕೆಂಬ ಶಾಸನವನ್ನು ತರಹೊರಟಿತ್ತು. ಅದಕ್ಕೆ ತಲೆಬಾಗುವುದಿಲ್ಲವೆಂಬ ನಿರ್ಣಯವನ್ನು ಅನುಮೋದಿಸುತ್ತ ಸೇಠ್ ಹಾಜಿ ಹಬೀಬರು, ದೇವರ ಸಾಕ್ಷಿಯಾಗಿ ಪ್ರತಿಜ್ಞೆ ಮಾಡೋಣವೆಂದು ಆವೇಶದಿಂದ ನುಡಿದರು. ಗಾಂಧಿ ಇದನ್ನು ನಿರೀಕ್ಷಿಸಿರಲಿಲ್ಲ. ಸಾಧಾರಣ ನಿರ್ಣಯಕ್ಕೂ ದೇವರ ಹೆಸರಿನ ಪ್ರತಿಜ್ಞೆಗೂ ಇರುವ ಅಂತರವನ್ನು ಜನ ಅರಿಯದೆ ಕೈಯೆತ್ತಬಾರದೆಂದು ಬಗೆದು, ಅಧ್ಯಕ್ಷರ ಅನುಮತಿ ಪಡೆದು ಎದ್ದು ನಿಂತರು. ಕೈಯಲ್ಲಿ ಹಾಳೆಯಿರಲಿಲ್ಲ, ಓದಿಕೊಡಲು ಮಜಮುದಾರರಾಗಲಿ ವಾಚ್ಛಾ ಆಗಲಿ ಇರಲಿಲ್ಲ. ಜನರನ್ನು ಹುರಿದುಂಬಿಸುವ ಬದಲು ಅವರು ತಡೆದು ನಿಲ್ಲಿಸಿದರು. ಸೆರೆಮನೆ, ಹಸಿವು, ಪೆಟ್ಟು, ಆಸ್ತಿನಾಶ, ಗಡೀಪಾರು ಎಲ್ಲವೂ ಬಂದೊದಗಬಹುದೆಂದು ಒಂದೊಂದಾಗಿ ಎಣಿಸಿ ಹೇಳಿದರು. ಉಳಿದವರೆಲ್ಲ ಬಿಟ್ಟು ಹೋದರೂ ತಾನೊಬ್ಬನೇ ನಿಲ್ಲಬಲ್ಲೆನೆಂಬ ನಂಬಿಕೆಯಿದ್ದವರು ಮಾತ್ರ ಪ್ರತಿಜ್ಞೆ ಮಾಡಲೆಂದರು. ಸಭೆಯೆಲ್ಲ ಎದ್ದು ನಿಂತು ಕೈಯೆತ್ತಿತು. ಮುಂದೆ ಸತ್ಯಾಗ್ರಹವೆಂದು ಹೆಸರಾದ ಹೋರಾಟದ ಹುಟ್ಟು ಅದು. ಅಂದು ಅವರಿಗೆ ಮೂವತ್ತಾರು ವರ್ಷ.

ಗಾಂಧೀಜಿ ಎಂದೂ ಗುಡುಗುವ ವಾಗ್ಮಿಯಾಗಲಿಲ್ಲ. ತಗ್ಗಿದ ದನಿ, ಅಲಂಕಾರವಿಲ್ಲದ ಸಣ್ಣ ವಾಕ್ಯಗಳು, ಹಸ್ತಾಭಿನಯವಿಲ್ಲದ ನಿಲುವು ಅವರವು. ಎಳೆತನದ ಆ ಲಜ್ಜೆಯೇ ತಮಗೆ ಮಿತಭಾಷಿತ್ವವನ್ನು ಕಲಿಸಿತು, ಅಳೆಯದೆ ಮಾತಾಡುವ ಅಪಾಯದಿಂದ ಕಾಪಾಡಿತು ಎಂದು ಅವರು ಕೃತಜ್ಞತೆಯಿಂದ ನೆನೆದಿದ್ದಾರೆ. 1924ರ ಡಿಸೆಂಬರಿನಲ್ಲಿ ನಮ್ಮ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ಸೇರಿದಾಗ ಅಧ್ಯಕ್ಷಪೀಠದಲ್ಲಿ ಕುಳಿತಿದ್ದವರು ಇದೇ ಗಾಂಧೀಜಿ. ಅವರು ಆ ಪೀಠವನ್ನು ಏರಿದ್ದು ಅದೊಂದೇ ಸಲ. ಲಂಡನ್ನಿನ ಸಣ್ಣ ಸಮಿತಿಯಲ್ಲಿ ಒಂದು ಹಾಳೆಯನ್ನು ಓದಲಾರದವರು ಇಲ್ಲಿ ಕಾಂಗ್ರೆಸ್ಸಿನ ಎರಡು ಬಣಗಳನ್ನು ಒಗ್ಗೂಡಿಸಿ ನಡೆಸುವ ಹೊಣೆ ಹೊತ್ತಿದ್ದರು.

ಪ್ರಾಯ ಬಂದವರಿಗೆ ಮಾತು ಕಲಿಸುವ ಪ್ರಯತ್ನ ಪಶ್ಚಿಮದಲ್ಲಿ ಸಂಘಟಿತ ರೂಪ ತಳೆದದ್ದೂ ಆ ಕಾಲದಲ್ಲೇ. 1912ರಲ್ಲಿ ಡೇಲ್ ಕಾರ್ನೆಗಿ ನ್ಯೂಯಾರ್ಕಿನ ವೈ.ಎಂ.ಸಿ.ಎ.ಯಲ್ಲಿ ಉದ್ಯೋಗಸ್ಥರಿಗಾಗಿ ಭಾಷಣದ ಸಂಜೆ ತರಗತಿ ಆರಂಭಿಸಿದ. ಹೇಳಲು ಪಾಠ ಮುಗಿದುಹೋದಾಗ, ನಿಮಗೆ ಸಿಟ್ಟು ತರಿಸಿದ ಸಂಗತಿಯೊಂದನ್ನು ಹೇಳಿರೆಂದು ವಿದ್ಯಾರ್ಥಿಗಳನ್ನು ಎಬ್ಬಿಸಿದನಂತೆ. ಸಿಟ್ಟಿನಲ್ಲಿ ಅವರು ಅಂಜುವುದನ್ನೇ ಮರೆತರು. ಬೆಳಗಾವಿ ಅಧಿವೇಶನಕ್ಕೆ ಎರಡು ತಿಂಗಳ ಮುಂಚೆ, 1924ರ ಅಕ್ಟೋಬರ್ 22ರಂದು, ಕ್ಯಾಲಿಫೋರ್ನಿಯದ ಸಾಂತಾ ಆನಾ ಎಂಬ ಊರಿನಲ್ಲಿ ರಾಲ್ಫ್ ಸ್ಮೆಡ್ಲಿ ಟೋಸ್ಟ್‌ಮಾಸ್ಟರ್ಸ್ ಎಂಬ ಕೂಟವನ್ನು ತೆರೆದ. ಸದಸ್ಯರು ಸರದಿಯಂತೆ ಮಾತಾಡುವುದು, ಜೊತೆಯವರೇ ಅದರ ಗುಣದೋಷಗಳನ್ನು ಸ್ನೇಹದಿಂದ ತಿಳಿಸುವುದು ಅದರ ಪದ್ಧತಿ. ಬೆಂಗಳೂರಿನಲ್ಲಿ ಇಂದು ಅಂಥ ಕೂಟಗಳು ಅನೇಕವಿವೆ. ತಾನು ಬಲ್ಲ ವಿಷಯ, ಸ್ನೇಹಭಾವದ ಶ್ರೋತೃಗಳು, ಮತ್ತೆ ಮತ್ತೆ ಮಾಡುವ ಅಭ್ಯಾಸ: ಪ್ರಿಟೋರಿಯದ ಸೇಠರ ಮನೆಯಲ್ಲಿ ತಾನಾಗಿ ಕೂಡಿಬಂದದ್ದನ್ನು ಇವು ಯೋಜನಾಬದ್ಧವಾಗಿ ಒದಗಿಸಿದವು. ಆದರೆ ಆಲಿಸುವವರ ಹಿತವೆಂಬ ಚಿಂತೆಯನ್ನು ಯಾವ ತರಗತಿಯೂ ಕೊಡಲಾರದು. ಅದನ್ನು ಕಲಿಯುವವನೇ ತರಬೇಕು.

ಈ ಮಾತುಗಳು ಬಾನುಲಿಯಲ್ಲಿ ಪ್ರಸಾರವಾಗುತ್ತಿರುವುದರಿಂದ ಕೊನೆಯದಾಗಿ ಇನ್ನೊಂದು ಘಟನೆಯನ್ನು ನೆನೆಯುವುದು ಉಚಿತ. 1947ರ ನವೆಂಬರ್ 12, ದೀಪಾವಳಿಯ ದಿನ. ದೇಶವಿಭಜನೆಯಿಂದ ಮನೆಮಾರು ಕಳೆದುಕೊಂಡು ಕುರುಕ್ಷೇತ್ರದ ಶಿಬಿರದಲ್ಲಿ ತಂಗಿದ್ದ ಲಕ್ಷಾಂತರ ನಿರಾಶ್ರಿತರ ಬಳಿಗೆ ಖುದ್ದಾಗಿ ಹೋಗಲಾಗದೆ ಗಾಂಧೀಜಿ ದೆಹಲಿಯ ಆಕಾಶವಾಣಿಗೆ ಬಂದು ಅವರೊಡನೆ ಮಾತಾಡಿದರು. ಬಾನುಲಿ ನಿಲಯಕ್ಕೆ ಅವರು ಬಂದದ್ದು ಅದೊಂದೇ ಬಾರಿ. ಆ ದಿನವನ್ನು ಈಗ ಸಾರ್ವಜನಿಕ ಸೇವಾ ಪ್ರಸಾರ ದಿನವೆಂದು ಆಚರಿಸುತ್ತಾರೆ. ಎಪ್ಪತ್ತೆಂಟರ ವೃದ್ಧರು ಕಾಣದ ಶ್ರೋತೃಗಳನ್ನು ಉದ್ದೇಶಿಸಿ, ಎದುರಿಗಿದ್ದವರೊಡನೆಂಬಂತೆ ಮೆಲುದನಿಯಲ್ಲಿ ನುಡಿದರು. ದುಃಖದಲ್ಲಿದ್ದವರಿಗೆ ಒಂದು ಮಾತು ತಲುಪಬೇಕಾಗಿತ್ತು, ಅದು ತಲುಪಿತು.

ನಮ್ಮ ಊರುಗಳ ಸಭೆಗಳಲ್ಲಿ, ಶಾಲೆಯ ಪಾಲಕರ ಕೂಟದಲ್ಲಿ, ಗ್ರಾಮಸಭೆಯಲ್ಲಿ, ಬಡಾವಣೆಯ ಸಂಘದಲ್ಲಿ ಹಿಂದಿನ ಸಾಲಿನಲ್ಲಿ ಕುಳಿತ ನಲವತ್ತು ಐವತ್ತರ ಹರೆಯದವರು ಎಷ್ಟೋ ಮಂದಿ. ಅವರಲ್ಲೊಬ್ಬರ ಜೇಬಿನಲ್ಲಿ ಆಲಿನ್‌ಸನ್ನರ ಪರವಾಗಿ ಬರೆದಂಥ ಒಂದು ಹಾಳೆ ಮಡಿಚಿ ಕುಳಿತಿರಬಹುದು. ಅದನ್ನು ಓದಲು ಸಿಂಹಕಂಠ ಬೇಕಾಗಿಲ್ಲ. ಕಾಲು ನಡುಗುತ್ತಿದ್ದರೆ ನಡುಗಲಿ. ಮೊದಲ ಸಲ ಮೂರೇ ವಾಕ್ಯ ಸಾಕು. ಅದೂ ಆಗದಿದ್ದರೆ ಪಕ್ಕದವರಾದರೂ ಓದಿಕೊಡಲಿ. ಮುಂದಿನ ಸಭೆಗೆ ಮತ್ತೆ ಬರಬೇಕು, ಮತ್ತೆ ಎದ್ದು ನಿಲ್ಲಬೇಕು.